ಮಾತು ಕೇಳಿಸುತ್ತದೆ, ಚಿತ್ರ ಕಾಣುವುದಿಲ್ಲ: ವೆಬ್ ಪ್ಲೇಯರ್‌ನಲ್ಲಿ ಕೋಡೆಕ್ ದೋಷ ಪತ್ತೆ ಹಚ್ಚುವ ಬಗೆ

ಮುಂಗಾರು ಹಿಡಿದ ಮೇಲೆ ಮೂಡಿಗೆರೆ, ಕಳಸ, ಕೊಪ್ಪದ ಕಡೆಯ ತೋಟಗಳಲ್ಲಿ ಯಾವ ವೀಡಿಯೊ ನಿಂತರೂ ಕಾರಣ ಮೊದಲೇ ಸಿದ್ಧವಾಗಿರುತ್ತದೆ: ನೆಟ್ ಸರಿಯಿಲ್ಲ. ಮರ ಬಿದ್ದು ಕೇಬಲ್ ಹರಿಯುವುದು, ವಿದ್ಯುತ್ ಹೋಗಿ ಟವರ್ ಆರುವುದು ಇಲ್ಲಿ ದಿನನಿತ್ಯದ ಮಾತಾದ್ದರಿಂದ ಆ ಅನುಮಾನ ಸಹಜವೇ. ಆದರೆ ಕಾಫಿ ಬೆಳೆಗಾರರಿಗಾಗಿ ಪಾಠದ ವೀಡಿಯೊಗಳನ್ನು ಇಟ್ಟಿರುವ ಒಂದು ಸಣ್ಣ ತಾಣದ ಪ್ಲೇಯರ್ ನೋಡಿಕೊಳ್ಳುವ ನನಗೆ ಕಂಡಿರುವಂತೆ, ದೂರುಗಳಲ್ಲಿ ಒಳ್ಳೆಯ ಪಾಲು ಕೋಡೆಕ್‌ನವು, ಅಂದರೆ ವೀಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನದವು. ಅಂಥ ಕಡೆ ರೌಟರ್ ಬದಲಿಸುವುದು, ಸಿಮ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಣ ಹೋಗುತ್ತದೆ, ಚಿತ್ರ ಬರುವುದಿಲ್ಲ.

ಇದು ಏಕೆ ಮುಖ್ಯವೆಂದರೆ, ನಮ್ಮಲ್ಲಿ ಹೆಚ್ಚು ಜನ ನೋಡುವ ಪಾಠ ಬಿಳಿ ಕಾಂಡಕೊರಕದ್ದು. ಹುಳು ಬಿದ್ದ ಅರೇಬಿಕಾ ಗಿಡದ ಕಾಂಡದ ಮೇಲೆ ಉಬ್ಬುಗೆರೆ ಮೂಡುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ಕೊರಕದ ದುಂಬಿ ಏಪ್ರಿಲ್–ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರಾಡುತ್ತದೆ. ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿಯೇ ಹುಳು ಬಿದ್ದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು. 'ಇಲ್ಲಿ ನೋಡಿ, ಈ ಗೆರೆ' ಎಂದು ಹೇಳುವ ಧ್ವನಿ ಮಾತ್ರ ಕೇಳಿಸಿ ಗೆರೆಯೇ ಕಾಣದಿದ್ದರೆ ಆ ಪಾಠ ಇದ್ದೂ ಇಲ್ಲದಂತೆ. ಸೆಪ್ಟೆಂಬರ್ ಪಾಠ ನೋಡುವ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಆದ್ದರಿಂದ ದೋಷ ನೆಟ್‌ನದೋ ಕೋಡೆಕ್‌ನದೋ ಎಂಬುದನ್ನು ಬೇಗ ಬೇರ್ಪಡಿಸಲೇಬೇಕು.

ನೆಟ್‌ನ ದೋಷವೇ ಅಲ್ಲವೇ ಎಂದು ಮೊದಲು ತೀರ್ಮಾನಿಸಿ

ದೂರು ಹೇಳುವವರು ಸಾಮಾನ್ಯವಾಗಿ ತೋಟದ ಲೆಕ್ಕಪತ್ರ ನೋಡುವ ರೈಟರ್. 'ಸಾರ್, ಮಾತು ಕೇಳಿಸುತ್ತಿದೆ, ಪರದೆ ಕಪ್ಪಾಗಿದೆ' ಎನ್ನುತ್ತಾರೆ. ಈ ಒಂದು ವಾಕ್ಯದಲ್ಲಿಯೇ ಅರ್ಧ ಉತ್ತರವಿದೆ. ಒಂದೇ ಎಂಪಿ4 ಫೈಲ್‌ನೊಳಗೆ ಧ್ವನಿ, ಚಿತ್ರ ಎರಡೂ ಒಟ್ಟಿಗೆ ಬರುತ್ತವೆ. ಧ್ವನಿ ತಡೆಯಿಲ್ಲದೆ ಕೇಳಿಸುತ್ತಿದೆ ಎಂದರೆ ಚಿತ್ರದ ದತ್ತಾಂಶವೂ ಬಂದು ತಲುಪಿದೆ. ಅದನ್ನು ಬಿಡಿಸಿ ತೋರಿಸುವ ಡಿಕೋಡರ್ ಆ ಬ್ರೌಸರಿನಲ್ಲಿ ಇಲ್ಲ.

ಚಿತ್ರ ತಡೆತಡೆದು ಬರುತ್ತಿದ್ದರೆ ಇಷ್ಟು ಸುಲಭವಾಗಿ ಹೇಳಲಾಗದು. ಆಗ ಪ್ಲೇಯರಿನ ಕೆಳಗಿನ ಪಟ್ಟಿಯನ್ನು ನೋಡಲು ಹೇಳಿ. ಮಸುಕು ಬಣ್ಣದಲ್ಲಿ ಮುಂದಕ್ಕೆ ಓಡುವ ಬಫರ್ (ಮುಂಚೆಯೇ ಇಳಿದಿರುವ ಭಾಗ) ಸಾಕಷ್ಟು ಮುಂದಿದ್ದೂ ಚಿತ್ರ ಜಗ್ಗುತ್ತಿದ್ದರೆ ದೋಷ ಡಿಕೋಡರ್‌ನದು. ಬಫರ್ ಚಿತ್ರದ ಬೆನ್ನಿಗೇ ಅಂಟಿಕೊಂಡಿದ್ದು, ತಿರುಗುವ ಚಕ್ರ ಕಾಣಿಸುತ್ತಿದ್ದರೆ ನೆಟ್‌ನದು. ಕಂಪ್ಯೂಟರ್ ಮುಂದೆ ನೀವೇ ಇದ್ದರೆ ಬ್ರೌಸರಿನ ಡೆವಲಪರ್ ಕನ್ಸೋಲ್ ತೆರೆದು, ಪುಟದಲ್ಲಿ ವೀಡಿಯೊ ಕೂರಿಸುವ ವೀಡಿಯೊ ಎಲಿಮೆಂಟಿನ ಮೇಲೆ 'ಗೆಟ್ ವೀಡಿಯೊ ಪ್ಲೇಬ್ಯಾಕ್ ಕ್ವಾಲಿಟಿ' ಫಂಕ್ಷನ್ ಕರೆಯಿರಿ. ಒಟ್ಟು ಎಷ್ಟು ಫ್ರೇಮ್ ಬಂದವು, ಅವುಗಳಲ್ಲಿ ಎಷ್ಟು ಬಿಟ್ಟುಹೋದವು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಬಿಟ್ಟುಹೋದ ಫ್ರೇಮ್‌ಗಳ ಸಂಖ್ಯೆ ಸೆಕೆಂಡಿಗೆ ಸೆಕೆಂಡು ಏರುತ್ತಿದ್ದರೆ ಇನ್ನು ರೌಟರಿನ ಮಾತು ಬೇಡ.

ಮುಂದಿನ ಸಾಕ್ಷಿ ದೋಷದ ಸಂಖ್ಯೆ. ವೀಡಿಯೊ ಎಲಿಮೆಂಟಿನ ಎರರ್ ಗುಣದಲ್ಲಿ 1ರಿಂದ 4ರವರೆಗಿನ ಒಂದು ಅಂಕಿ ಇರುತ್ತದೆ. 1 ಎಂದರೆ ಯಾರೋ ನಿಲ್ಲಿಸಿದ್ದಾರೆ. 2 ಎಂದರೆ ತರಿಸುವಾಗ ನೆಟ್‌ವರ್ಕ್ ಕೈಕೊಟ್ಟಿದೆ. 3 ಎಂದರೆ ಬಿಡಿಸಲು ಶುರುಮಾಡಿ ನಡುವೆ ಸೋತಿದೆ. 4 ಎಂದರೆ ಈ ಮೂಲವನ್ನು ಆಡಿಸಲಾಗುವುದಿಲ್ಲ. ಈ 4ನೇ ಸಂಖ್ಯೆ ಕಂಡ ತಕ್ಷಣ ಕೋಡೆಕ್ ಎಂದು ತೀರ್ಪು ಕೊಡಬೇಡಿ. ಫೈಲ್ ಆ ವಿಳಾಸದಲ್ಲಿ ಇಲ್ಲದಿದ್ದರೂ, ಸರ್ವರ್ ಅದನ್ನು ವೀಡಿಯೊ ಎಂದು ಹೇಳದೆ ಬರೀ ಪಠ್ಯ ಎಂದು ಕಳುಹಿಸಿದರೂ ನಾಲ್ಕೇ ಬರಬಹುದು. ನೆಟ್‌ವರ್ಕ್ ಫಲಕದಲ್ಲಿ ಆ ಫೈಲ್‌ನ ಉತ್ತರ 200 ಅಥವಾ 206 (ಫೈಲ್ ಪೂರ್ತಿ ಅಥವಾ ಭಾಗವಾಗಿ ಸಿಕ್ಕಿದೆ ಎಂಬ ಸಂಕೇತ) ಇದೆಯೇ, ವಿಧದ ಸಾಲಿನಲ್ಲಿ 'ವೀಡಿಯೊ/ಎಂಪಿ4' ಎಂದಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಆ ಗೊಂದಲ ಮುಗಿಯುತ್ತದೆ.

ಇನ್ನು ರೈಟರ್ ಹೇಳಿದ ಕಪ್ಪು ಪರದೆಗೆ ಬನ್ನಿ. ಅಲ್ಲಿ ದೋಷದ ಸಂಖ್ಯೆಯೇ ಬರದಿರಬಹುದು. ಎಂಪಿ4 ಫೈಲ್‌ನ ವಿಳಾಸವನ್ನು ನೇರವಾಗಿ ಕೊಟ್ಟಿದ್ದಾಗ ಕ್ರೋಮ್, ತನಗೆ ಗೊತ್ತಿರುವ ಧ್ವನಿಯನ್ನು ಆಡಿಸುತ್ತಾ ಗೊತ್ತಿಲ್ಲದ ಚಿತ್ರವನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಪ್ಲೇಯರಿನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ, ಕಾಲದ ಗುರುತು ಮುಂದೆ ಸಾಗುತ್ತಲೇ ಇರುತ್ತದೆ. ಇದನ್ನು ಹಿಡಿಯಲು ವೀಡಿಯೊದ ಅಗಲವನ್ನು ಕೇಳಿ. 'ವೀಡಿಯೊ ವಿಡ್ತ್' ಸೊನ್ನೆ ಎಂದು ಬಂದರೆ ಚಿತ್ರದ ಟ್ರ್ಯಾಕನ್ನು ಬ್ರೌಸರ್ ಕೈಗೆತ್ತಿಕೊಂಡೇ ಇಲ್ಲ. ನಿಮ್ಮ ಪ್ಲೇಯರಿನಲ್ಲಿ ಈ ಒಂದು ಪರೀಕ್ಷೆಯನ್ನು ಸೇರಿಸಿ, ಅಗಲ ಸೊನ್ನೆಯಾದರೆ ಇನ್ನೊಂದು ಫೈಲ್‌ಗೆ ತಾನಾಗಿ ಹೊರಳುವಂತೆ ಮಾಡಿ. ಅಷ್ಟು ಮಾಡಿದರೆ ದೂರುಗಳು ನಿಮ್ಮ ಫೋನ್ ತನಕ ಬರುವುದೇ ಕಡಿಮೆಯಾಗುತ್ತದೆ.

ಫೈಲ್‌ನ ಒಳಗೆ ನಿಜವಾಗಿ ಏನಿದೆ

ಫೈಲ್‌ನ ಹೆಸರಿನ ಕೊನೆಯಲ್ಲಿ ಎಂಪಿ4 ಎಂದಿದ್ದ ಮಾತ್ರಕ್ಕೆ ಒಳಗಿನ ಕೋಡೆಕ್ ಯಾವುದೆಂದು ಗೊತ್ತಾಗುವುದಿಲ್ಲ. ಎಂಪಿ4 ಬರೀ ಕಂಟೈನರ್, ಧ್ವನಿ ಚಿತ್ರಗಳನ್ನು ತುಂಬಿಡುವ ಡಬ್ಬಿ. ಅದರೊಳಗೆ ಎಚ್.264 ಇರಬಹುದು, ಎಚ್.265 ಎಂದೂ ಕರೆಯುವ ಎಚ್‌ಇವಿಸಿ ಇರಬಹುದು, ಎವಿ1 ಇರಬಹುದು. 'ಎಲ್ಲವನ್ನೂ ಎಂಪಿ4 ಮಾಡಿಯೇ ಹಾಕಿದ್ದೇವೆ' ಎಂದು ವೀಡಿಯೊ ಕೊಟ್ಟವರು ಹೇಳಿದರೆ ಅದನ್ನು ನಂಬಿ ಕೂರಬೇಡಿ, ಫೈಲ್‌ನ ಒಳಗಿನ ವಿವರ ಹೇಳುವ ಎಫ್‌ಎಫ್‌ಪ್ರೋಬ್ ಉಪಕರಣ ಓಡಿಸಿ ನೋಡಿ.

ತೋಟದಲ್ಲಿ ಐಫೋನ್ ಹಿಡಿದು ತೆಗೆದ ವೀಡಿಯೊ ಬಹುತೇಕ ಎಚ್‌ಇವಿಸಿಯಲ್ಲಿಯೇ ಇರುತ್ತದೆ. 2017ರಲ್ಲಿ ಐಒಎಸ್ 11 ಬಂದಂದಿನಿಂದ, ಅದಕ್ಕೆ ಒಗ್ಗುವ ಫೋನ್‌ಗಳ ಕ್ಯಾಮೆರಾ ಮೊದಲ ಆಯ್ಕೆಯಾಗಿ 'ಹೈ ಎಫಿಶಿಯೆನ್ಸಿ' ಎಂಬುದನ್ನೇ ಇಟ್ಟುಕೊಳ್ಳುತ್ತದೆ. ಚಿತ್ರೀಕರಣಕ್ಕೆ ಹೋಗುವವರಿಗೆ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಳ್ಳಲು ಹೇಳಿದರೆ ಎಚ್.264 ಸಿಗುತ್ತದೆ. ಆದರೆ ಮೂಲ ವೀಡಿಯೊ ಎಚ್‌ಇವಿಸಿಯಲ್ಲಿದ್ದರೆ ನಷ್ಟವೇನೂ ಇಲ್ಲ, ಅದನ್ನು ಹಾಗೆಯೇ ತಾಣಕ್ಕೆ ಏರಿಸುವುದರಲ್ಲಿ ತೊಂದರೆ ಇದೆ.

ಎಫ್‌ಎಫ್‌ಪ್ರೋಬ್ ಕೊಡುವ ಉದ್ದದ ವರದಿಯಲ್ಲಿ ಕೆಲವೇ ಸಾಲುಗಳು ಸಾಕು. ಕೋಡೆಕ್‌ನ ಹೆಸರು ಮೊದಲನೆಯದು. ಅದರ ನಂತರ ಬಹಳ ಜನ ನೋಡದೆ ಬಿಡುವ ಸಾಲು ಪಿಕ್ಸೆಲ್ ವಿನ್ಯಾಸದ್ದು. ಅಲ್ಲಿ 'ವೈಯುವಿ420ಪಿ' ಎಂದಿದ್ದರೆ 8 ಬಿಟ್, ನಿಶ್ಚಿಂತೆ. ಅದರ ಮುಂದೆ '10ಎಲ್ಇ' ಎಂದು ಸೇರಿದ್ದರೆ 10 ಬಿಟ್. '422' ಎಂದಿದ್ದರೆ ಸಾಮಾನ್ಯವಾಗಿ ಕ್ಯಾಮೆರಾದಿಂದ ನೇರವಾಗಿ ಇಳಿಸಿದ ಫೈಲ್. ಎಚ್.264 ಎಂದ ಕೂಡಲೇ ಎಲ್ಲ ಕಡೆ ಓಡುತ್ತದೆ ಎಂಬ ನಂಬಿಕೆ ಮುರಿಯುವುದು ಇಲ್ಲಿಯೇ. 2020ರ ಐಫೋನ್ 12ರಿಂದ ಈಚಿನ ಫೋನ್‌ಗಳು ಎಚ್‌ಡಿಆರ್‌ನಲ್ಲಿ (ಬೆಳಕು, ನೆರಳಿನ ಹೆಚ್ಚು ವ್ಯಾಪ್ತಿ ಹಿಡಿಯುವ ವಿಧಾನ) 10 ಬಿಟ್ ಚಿತ್ರ ತೆಗೆಯುತ್ತವೆ. ಆ ಫೈಲನ್ನು ವೀಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು 'ಎಚ್.264 ಮಾಡು' ಎಂದಷ್ಟೇ ಹೇಳಿದರೆ ಅದು 10 ಬಿಟ್ಟನ್ನು ಹಾಗೆಯೇ ಉಳಿಸಿಕೊಂಡು 'ಹೈ 10' ಪ್ರೊಫೈಲಿನ (ಕೋಡೆಕ್‌ನ ಒಂದು ಒಳಬಗೆ) ಫೈಲ್ ಕೊಡುತ್ತದೆ. ಅದು ಮೇಜಿನ ಮೇಲಿನ ಕಂಪ್ಯೂಟರಿನ ಕ್ರೋಮ್‌ನಲ್ಲಿ ಓಡಿಬಿಡಬಹುದು. ಪರೀಕ್ಷಿಸಿದವರಿಗೆ ಸಮಾಧಾನ. ಆದರೆ ಫೋನ್‌ಗಳ ಹಾರ್ಡ್‌ವೇರ್ ಡಿಕೋಡರ್‌ಗಳಿಗೆ ಆ ಪ್ರೊಫೈಲ್ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ನೋಡುಗರಲ್ಲಿ ಹೆಚ್ಚಿನವರು ಇರುವುದು ಫೋನ್‌ನಲ್ಲಿ. ಪರಿವರ್ತಿಸುವಾಗ ಪಿಕ್ಸೆಲ್ ವಿನ್ಯಾಸವನ್ನು 'ವೈಯುವಿ420ಪಿ' ಎಂದು ಬಾಯಿಬಿಟ್ಟು ಹೇಳಲೇಬೇಕು.

ಎಚ್‌ಡಿಆರ್ ಫೈಲಿಗೆ ಇನ್ನೊಂದು ಹೆಜ್ಜೆಯೂ ಬೇಕು. ಟೋನ್ ಮ್ಯಾಪಿಂಗ್ ಮಾಡದೆ, ಅಂದರೆ ಬೆಳಕು ಬಣ್ಣಗಳನ್ನು ಸಾಮಾನ್ಯ ಪರದೆಗೆ ಹೊಂದಿಸದೆ, 8 ಬಿಟ್‌ಗೆ ಇಳಿಸಿದರೆ ಬಣ್ಣಗಳು ತೊಳೆದಂತೆ ಪೇಲವವಾಗುತ್ತವೆ. ಮದುವೆಯ ವೀಡಿಯೊದಲ್ಲಿ ಇದು ಅಂದಚೆಂದದ ಮಾತಾಗಬಹುದು. ಕಾಂಡಕೊರಕ ಹೊಕ್ಕು ಹಳದಿಯಾದ ಎಲೆಯನ್ನು ಆರೋಗ್ಯವಂತ ಎಲೆಯಿಂದ ಬೇರ್ಪಡಿಸಿ ತೋರಿಸುವ ಪಾಠದಲ್ಲಿ ಬಣ್ಣವೇ ವಿಷಯ.

ಎಚ್‌ಇವಿಸಿ ಫೈಲ್ ಆಗಿದ್ದರೆ ಟ್ಯಾಗ್ ಎಂಬ ಸಾಲನ್ನೂ ನೋಡಿ. ಅದು 'ಎಚ್‌ವಿಸಿ1' ಆಗಿರಬಹುದು, 'ಎಚ್‌ಇವಿ1' ಆಗಿರಬಹುದು. ಒಳಗಿನ ಚಿತ್ರ ಒಂದೇ ಆಗಿದ್ದರೂ ಆ್ಯಪಲ್ ಸಾಧನಗಳು ಕೇಳುವುದು ಮೊದಲನೆಯದನ್ನು. ಎಫ್‌ಎಫ್‌ಎಂಪೆಗ್ ತಾನಾಗಿ ಬರೆಯುವುದು ಎರಡನೆಯದನ್ನು. ಆಂಡ್ರಾಯ್ಡ್‌ನಲ್ಲಿ ಓಡುವ ಎಚ್‌ಇವಿಸಿ ಐಫೋನ್‌ನಲ್ಲಿ ಓಡದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಮತ್ತೆ ಎನ್‌ಕೋಡ್ ಮಾಡುವ ಅಗತ್ಯವಿಲ್ಲ. ಚಿತ್ರವನ್ನು ಹಾಗೆಯೇ ನಕಲಿಸಿ ಟ್ಯಾಗ್ ಮಾತ್ರ ಬದಲಿಸಿದರೆ ಸಾಕು, ಕ್ಷಣಗಳಲ್ಲಿ ಮುಗಿಯುವ ಕೆಲಸ.

ಚಿತ್ರವಿದ್ದು ಧ್ವನಿಯಿಲ್ಲದಿದ್ದರೆ ಆಡಿಯೊ ಸಾಲು ನೋಡಿ. ಎಸಿ-3 ಎಂದಿದ್ದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ಆಡಿಸುವುದಿಲ್ಲ. ಎಎಸಿಗೆ ಬದಲಿಸಿ.

ಬ್ರೌಸರನ್ನೇ ಕೇಳಿ

ಯಾವ ಬ್ರೌಸರ್ ಯಾವ ಕೋಡೆಕ್ ಬಲ್ಲದು ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಎದುರಿಗಿರುವ ಸಾಧನವನ್ನೇ ಕೇಳುವುದು ಲೇಸು. ಒಂದೇ ಆವೃತ್ತಿಯ ಕ್ರೋಮ್ ಎರಡು ಕಂಪ್ಯೂಟರುಗಳಲ್ಲಿ ಎರಡು ಉತ್ತರ ಕೊಡುತ್ತದೆ. ಆದರೂ ಹಿನ್ನೆಲೆ ಗೊತ್ತಿದ್ದರೆ ಊಹೆ ದಾರಿ ತಪ್ಪುವುದಿಲ್ಲ.

ಎಚ್.264 ಬಂದದ್ದು 2003ರಲ್ಲಿ. 8 ಬಿಟ್ ಆಗಿದ್ದರೆ ಅದು ಇಂದು ಓಡದ ಸಾಧನ ಹುಡುಕಿದರೂ ಸಿಗುವುದು ಕಷ್ಟ. ಅಪವಾದವೆಂದರೆ ಲಿನಕ್ಸ್: ಪೇಟೆಂಟ್ ಇರುವ ಕೋಡೆಕ್‌ಗಳನ್ನು ಬಿಟ್ಟು ಕಟ್ಟಿದ ಕ್ರೋಮಿಯಂನಲ್ಲಿ, ಎಫ್‌ಎಫ್‌ಎಂಪೆಗ್ ಲೈಬ್ರರಿಗಳಿಲ್ಲದ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಅದು ಓಡುವುದಿಲ್ಲ. ಉಬುಂಟು ಹಾಕಿದ ಶಾಲೆ, ಕಚೇರಿಗಳಿಂದ ದೂರು ಬಂದರೆ 'ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್' ಹಾಕಿಸಿ ಫೈರ್‌ಫಾಕ್ಸ್‌ನಲ್ಲಿ ಮತ್ತೆ ನೋಡಿ.

ಎಚ್‌ಇವಿಸಿ 2013ರದು. ಅದೇ ಗುಣಮಟ್ಟಕ್ಕೆ ಎಚ್.264 ಬೇಡುವ ಬಿಟ್‌ರೇಟಿನ ಸುಮಾರು ಅರ್ಧದಲ್ಲಿ ಕೆಲಸ ಮುಗಿಸುವುದು ಅದರ ಗುರಿ. ಸಫಾರಿ 2017ರಲ್ಲಿಯೇ ಒಪ್ಪಿಕೊಂಡಿತು. ಕ್ರೋಮ್ ಒಪ್ಪಿದ್ದು 2022ರ ಅಕ್ಟೋಬರ್‌ನಲ್ಲಿ ಬಂದ 107ನೇ ಆವೃತ್ತಿಯಲ್ಲಿ, ಅದೂ ಸಾಧನದಲ್ಲಿ ಹಾರ್ಡ್‌ವೇರ್ ಡಿಕೋಡರ್ ಇದ್ದರೆ ಮಾತ್ರ. ಇಂಟೆಲ್ ಕಂಪ್ಯೂಟರ್‌ಗಳಲ್ಲಿ ಅದು ಇರುವುದು 2015ರ 6ನೇ ತಲೆಮಾರಿನ ಪ್ರೊಸೆಸರ್‌ಗಳಿಂದ ಮುಂದಕ್ಕೆ. ತೋಟದ ಕಚೇರಿಯ ಕಂಪ್ಯೂಟರ್ ಅದಕ್ಕಿಂತ ಹಳೆಯದಾಗಿದ್ದರೆ ರೈಟರ್ ಹೇಳಿದ ಕಪ್ಪು ಪರದೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವಿಂಡೋಸ್ 7 ಇರುವ ಕಡೆ ಕ್ರೋಮ್ 109ಕ್ಕೇ ನಿಂತಿದೆ, ಅಲ್ಲಿಯೂ ಎಚ್‌ಇವಿಸಿ ಸಿಗುವುದಿಲ್ಲ. ವಿಂಡೋಸ್‌ನ ಎಡ್ಜ್‌ಗೆ ಮೈಕ್ರೋಸಾಫ್ಟ್ ಸ್ಟೋರ್‌ನ ಎಚ್‌ಇವಿಸಿ ವಿಸ್ತರಣೆ ಬೇಕು. ಫೈರ್‌ಫಾಕ್ಸ್ ಬಹುಕಾಲ ದೂರ ಉಳಿದು, 2025ರ ಜನವರಿಯ 134ನೇ ಆವೃತ್ತಿಯಲ್ಲಿ ವಿಂಡೋಸ್‌ಗೆ ಮೊದಲು ತಂದಿತು.

ಎವಿ1ರ ವಿನ್ಯಾಸ ಹೊರಬಂದದ್ದು 2018ರಲ್ಲಿ. ಪರವಾನಗಿ ಶುಲ್ಕದ ತಲೆನೋವಿಲ್ಲದ ಕೋಡೆಕ್ ಬೇಕೆಂದು ಹಲವು ಕಂಪನಿಗಳು ಕೂಡಿ ಮಾಡಿದ್ದು. ಕ್ರೋಮ್ ಅದೇ ವರ್ಷ 70ನೇ ಆವೃತ್ತಿಯಲ್ಲಿ, ಫೈರ್‌ಫಾಕ್ಸ್ 2019ರಲ್ಲಿ 67ನೇ ಆವೃತ್ತಿಯಲ್ಲಿ ಸೇರಿಸಿಕೊಂಡವು. ಇವೆರಡರಲ್ಲೂ ಡೇವ್‌1ಡಿ ಎಂಬ ಸಾಫ್ಟ್‌ವೇರ್ ಡಿಕೋಡರ್ ಇರುವುದರಿಂದ ಹಾರ್ಡ್‌ವೇರ್ ಇಲ್ಲದಿದ್ದರೂ ಎವಿ1 ಓಡುತ್ತದೆ. ಸಫಾರಿಯ ನಿಲುವು ಬೇರೆ. 2023ರಲ್ಲಿ ಎವಿ1 ಒಪ್ಪಿದರೂ ಹಾರ್ಡ್‌ವೇರ್ ಇರುವ ಸಾಧನಗಳಿಗೆ ಮಾತ್ರ, ಅಂದರೆ ಐಫೋನ್ 15 ಪ್ರೊ ಮತ್ತು ಎಂ3 ಚಿಪ್‌ನ ಮ್ಯಾಕ್‌ಗಳಿಂದ ಈಚೆಗೆ.

ಕೇಳುವ ವಿಧಾನಗಳಲ್ಲಿ 'ಕ್ಯಾನ್ ಪ್ಲೇ ಟೈಪ್' ಹಳೆಯದು. 'ಪ್ರಾಬಬ್ಲಿ', 'ಮೇಬಿ' ಅಥವಾ ಖಾಲಿ ಉತ್ತರ ಕೊಡುತ್ತದೆ. ಖಾಲಿ ಬಂದರೆ ಮಾತ್ರ ಅದನ್ನು ಪೂರ್ತಿ ನಂಬಿ. ಸ್ಟ್ರೀಮಿಂಗ್ ಪ್ಲೇಯರಿಗೆ ಬೇಕಾದದ್ದು, ವೀಡಿಯೊವನ್ನು ತುಂಡುತುಂಡಾಗಿ ಉಣಿಸಲು ಬ್ರೌಸರ್ ಕೊಡುವ ಸೌಲಭ್ಯವಾದ ಮೀಡಿಯಾ ಸೋರ್ಸ್‌ನ 'ಈಸ್ ಟೈಪ್ ಸಪೋರ್ಟೆಡ್'. ಅದಕ್ಕೆ ಕೋಡೆಕ್‌ನ ಪೂರ್ಣ ಗುರುತನ್ನು, ಪ್ರೊಫೈಲ್ ಮತ್ತು ಲೆವೆಲ್ (ಚಿತ್ರದ ಗಾತ್ರ, ವೇಗದ ಮಿತಿ) ಸಹಿತ ಕೊಟ್ಟರೆ ಹೌದು ಅಥವಾ ಇಲ್ಲ ಎನ್ನುತ್ತದೆ. ಇವೆರಡಕ್ಕಿಂತ ನಾನು ನೆಚ್ಚಿಕೊಂಡಿರುವುದು ಮೀಡಿಯಾ ಕೇಪಬಿಲಿಟೀಸ್‌ನ 'ಡಿಕೋಡಿಂಗ್ ಇನ್ಫೋ'. ಅಗಲ, ಎತ್ತರ, ಬಿಟ್‌ರೇಟ್, ಫ್ರೇಮ್‌ರೇಟ್ ಹೇಳಿದರೆ ಅದು ಮೂರು ಉತ್ತರ ಕೊಡುತ್ತದೆ: ಓಡುತ್ತದೆಯೇ, ಸರಾಗವಾಗಿ ಓಡುತ್ತದೆಯೇ, ಬ್ಯಾಟರಿ ತಿನ್ನದೆ ಓಡುತ್ತದೆಯೇ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಬಂದರೆ ನೋಡುಗರಿಗೆ ಸಿಗುವುದು ಜಗ್ಗುವ ಚಿತ್ರ.

ಓಡುತ್ತದೆ, ಆದರೆ ಜಗ್ಗುತ್ತದೆ

ಎವಿ1 ಫೈಲ್‌ಗಳ ವಿಷಯದಲ್ಲಿ ಹೆಚ್ಚು ಎದುರಾಗುವುದು ಇದೇ. ಹಳೆಯ ಎರಡು ಕೋರ್‌ಗಳ ಕಂಪ್ಯೂಟರಿನಲ್ಲಿ 1080ಪಿ ಎವಿ1 ಹಾಕಿದರೆ ಫ್ಯಾನ್ ಜೋರಾಗಿ ತಿರುಗಲು ಶುರುಮಾಡುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ನೂರಕ್ಕೆ ನೂರರ ಹತ್ತಿರ ಹೋಗುತ್ತದೆ, ಧ್ವನಿ ಮುಂದೆ ಸಾಗಿ ಚಿತ್ರ ಹಿಂದೆ ಉಳಿಯುತ್ತದೆ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಮೀಡಿಯಾ ಇಂಟರ್ನಲ್ಸ್ ಪುಟ ತೆರೆದು, ಅಥವಾ ಡೆವಲಪರ್ ಉಪಕರಣಗಳ ಮೀಡಿಯಾ ಫಲಕದಲ್ಲಿ, ಡಿಕೋಡರ್‌ನ ಹೆಸರು ಓದಿ. ಡೇವ್‌1ಡಿ ಅಥವಾ ಎಫ್‌ಎಫ್‌ಎಂಪೆಗ್ ಎಂದಿದ್ದರೆ ಕೆಲಸ ಮಾಡುತ್ತಿರುವುದು ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಡಿ3ಡಿ11, ಆಂಡ್ರಾಯ್ಡ್‌ನಲ್ಲಿ ಮೀಡಿಯಾಕೋಡೆಕ್ ಎಂದಿದ್ದರೆ ಬಿಡಿಸುವ ಕೆಲಸ ಬ್ರೌಸರಿನ ಕೈಬಿಟ್ಟು ಸಾಧನದ ಪಾಲಿಗೆ ಹೋಗಿದೆ. ಫೈರ್‌ಫಾಕ್ಸ್‌ನಲ್ಲಿ ಅಬೌಟ್ ಸಪೋರ್ಟ್ ಪುಟದ ಮೀಡಿಯಾ ವಿಭಾಗದಲ್ಲಿ ಪ್ರತಿ ಕೋಡೆಕ್‌ಗೂ ಸಾಫ್ಟ್‌ವೇರ್, ಹಾರ್ಡ್‌ವೇರ್ ಎಂಬ ಕಲಂಗಳಿರುವ ಕೋಷ್ಟಕವೇ ಇದೆ. ಎವಿ1ಗೆ ಹಾರ್ಡ್‌ವೇರ್ ಬೆಂಬಲ ಬಂದದ್ದು ಇಂಟೆಲ್‌ನ 11ನೇ ತಲೆಮಾರಿನಲ್ಲಿ, ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಸರಣಿಯಲ್ಲಿ. ಎರಡೂ 2020ರವು.

ದೂರದಿಂದ ಫೋನ್ ಕರೆಯಲ್ಲೇ ಪರೀಕ್ಷಿಸಬೇಕಾದಾಗ ಯೂಟ್ಯೂಬ್ ನೆರವಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಯಾವುದಾದರೂ ವೀಡಿಯೊ ಮೇಲೆ ಬಲ ಗುಂಡಿ ಒತ್ತಿ 'ಸ್ಟಾಟ್ಸ್ ಫಾರ್ ನರ್ಡ್ಸ್' ತೆರೆಯಲು ಹೇಳಿ, ಕೋಡೆಕ್ ಸಾಲಿನಲ್ಲಿ ಏನಿದೆ, ಬಿಟ್ಟುಹೋದ ಫ್ರೇಮ್‌ಗಳು ಎಷ್ಟು ಎಂದು ಓದಿಸಿ. ಅಲ್ಲಿಯೂ ಎವಿ1 ಜಗ್ಗುತ್ತಿದ್ದರೆ ದೋಷ ನಿಮ್ಮ ಪ್ಲೇಯರಿನದಲ್ಲ.

ಚಿತ್ರ ಹಸಿರಾಗಿ ಅಥವಾ ಚೌಕಚೌಕವಾಗಿ ಒಡೆದು ಬಂದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಿ. ಕ್ರೋಮ್‌ನ ಸಿಸ್ಟಂ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ನಿಲ್ಲಿಸಿ ಮತ್ತೆ ನೋಡಿ. ಸರಿಯಾದರೆ ಡ್ರೈವರ್ ಹೊಸದು ಹಾಕಿಸಿ, ಸೆಟ್ಟಿಂಗನ್ನು ಮೊದಲಿನಂತೆಯೇ ಇಡಿಸಿ. ಅದು ನಿಂತಿದ್ದಷ್ಟು ಕಾಲ ಕ್ರೋಮ್‌ನಲ್ಲಿ ಎಚ್‌ಇವಿಸಿಯೂ ಇರುವುದಿಲ್ಲ, ಏಕೆಂದರೆ ಅದಕ್ಕೆ ಅಲ್ಲಿ ಸಾಫ್ಟ್‌ವೇರ್ ಡಿಕೋಡರ್ ಇಲ್ಲ.

ಐಫೋನ್ ಮತ್ತು ಪ್ಲೇಲಿಸ್ಟ್

'ಸಫಾರಿಯಲ್ಲಿ ಬರುತ್ತಿಲ್ಲ, ಕ್ರೋಮ್‌ನಲ್ಲಿ ನೋಡಿ' ಎಂಬ ಸಲಹೆ ನಮ್ಮ ಐಫೋನ್‌ಗಳಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಸಿಗುವ ಐಫೋನ್ ಕ್ರೋಮ್‌ನ ಒಳಗಿರುವುದೂ ಸಫಾರಿಯ ವೆಬ್‌ಕಿಟ್ ಎಂಜಿನ್ನೇ. ಐಒಎಸ್ 17.1ರ ತನಕ ಐಫೋನ್ ಬ್ರೌಸರ್‌ಗಳಲ್ಲಿ ಮೀಡಿಯಾ ಸೋರ್ಸ್ ಇರಲಿಲ್ಲ, ಹಾಗಾಗಿ ಸ್ಟ್ರೀಮ್ ಆಡಿಸುವ ಎಚ್‌ಎಲ್‌ಎಸ್.ಜೆಎಸ್ ಲೈಬ್ರರಿ ಬಳಸುವ ಪ್ಲೇಯರ್ ಹಳೆಯ ಐಫೋನ್‌ಗಳಲ್ಲಿ ಸ್ಟ್ರೀಮಿನ ವಿಳಾಸವನ್ನು ನೇರವಾಗಿ ವೀಡಿಯೊ ಎಲಿಮೆಂಟಿಗೆ ಕೊಡಬೇಕು. ಎಚ್‌ಇವಿಸಿ ಸ್ಟ್ರೀಮ್ ಟಿಎಸ್ ಎಂಬ ಹಳೆಯ ಕಂಟೈನರಿನ ತುಂಡುಗಳಲ್ಲಿದ್ದರೆ ಆ್ಯಪಲ್ ಸಾಧನಗಳು ನಿರಾಕರಿಸುತ್ತವೆ. ಅದಕ್ಕೆ ಫ್ರ್ಯಾಗ್ಮೆಂಟೆಡ್ ಎಂಪಿ4, ಅಂದರೆ ತುಂಡುಗಳಾಗಿ ಕಟ್ಟಿದ ಎಂಪಿ4 ಬೇಕು.

ಸ್ಟ್ರೀಮಿನ ಎಲ್ಲ ಗುಣಮಟ್ಟಗಳ ಪಟ್ಟಿಯಿರುವ ಮಾಸ್ಟರ್ ಪ್ಲೇಲಿಸ್ಟಿನಲ್ಲಿ ಪ್ರತಿ ಗುಣಮಟ್ಟದ ಸಾಲಿಗೂ 'ಕೋಡೆಕ್ಸ್' ಎಂಬ ವಿವರ ಇರುತ್ತದೆ. ಪ್ಲೇಯರ್ ಅದನ್ನು ಓದಿಯೇ ಯಾವ ಸಾಲನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತದೆ. ಕನ್ಸೋಲಿನಲ್ಲಿ 'ಮ್ಯಾನಿಫೆಸ್ಟ್ ಇನ್‌ಕಂಪ್ಯಾಟಿಬಲ್ ಕೋಡೆಕ್ಸ್' ಎಂಬ ದೋಷ ಬಂದರೆ ಪಟ್ಟಿಯಲ್ಲಿರುವ ಯಾವ ಸಾಲೂ ಆ ಬ್ರೌಸರಿಗೆ ಒಗ್ಗಲಿಲ್ಲ ಎಂದರ್ಥ. 'ಬಫರ್ ಅಪೆಂಡ್' ದೋಷ ಬಂದರೆ ಪಟ್ಟಿಯಲ್ಲಿ ಬರೆದಿರುವುದೊಂದು, ತುಂಡಿನೊಳಗೆ ಇರುವುದೊಂದು ಆಗಿರಬಹುದು. ಎನ್‌ಕೋಡಿಂಗ್ ಬದಲಿಸಿದವರು ಪ್ಲೇಲಿಸ್ಟ್ ತಿದ್ದುವುದನ್ನು ಮರೆತಾಗ ಹೀಗಾಗುತ್ತದೆ. ಒಂದು ತುಂಡನ್ನು ಇಳಿಸಿಕೊಂಡು ಎಫ್‌ಎಫ್‌ಪ್ರೋಬ್‌ನಲ್ಲಿ ಹೋಲಿಸಿ ನೋಡಿ.

ಪರಿಹಾರ

ಹೊಸ ಕೋಡೆಕ್‌ಗಳ ಮೇಲೆ ನನಗೆ ನಿಜವಾದ ಆಸೆಯಿದೆ. ಕಳಸದ ಒಳಗಿನ ತೋಟಕ್ಕೆ ಕಡಿಮೆ ಬಿಟ್‌ರೇಟಿನಲ್ಲಿ ಕಾಂಡದ ಗೆರೆ ಸ್ಪಷ್ಟವಾಗಿ ಕಾಣುವಂತೆ ಕಳುಹಿಸಲು ಎವಿ1ಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕೆ ನನಗೆ ಕಾಣುತ್ತಿಲ್ಲ. ಆದರೆ ಎಚ್.264 ಇಲ್ಲದ ಪಾಠವನ್ನು ಎಂದೂ ಪ್ರಕಟಿಸಬಾರದು. ಪ್ರತಿ ಪಾಠಕ್ಕೂ 8 ಬಿಟ್ ಎಚ್.264, ಎಎಸಿ ಧ್ವನಿ, 720ಪಿಗೆ ಲೆವೆಲ್ 3.1, 1080ಪಿಗೆ 4.0, ಜೊತೆಗೆ ದುರ್ಬಲ ನೆಟ್‌ಗೆಂದು 360ಪಿಯದೊಂದು, ಇಷ್ಟು ಇರಲೇಬೇಕು. ನೇರವಾಗಿ ಇಳಿಸುವ ಎಂಪಿ4ಗೆ 'ಫಾಸ್ಟ್ ಸ್ಟಾರ್ಟ್' ಹಾಕಿದರೆ ಸೂಚಿ ಭಾಗ ಫೈಲ್‌ನ ಮುಂದಕ್ಕೆ ಬಂದು, ಇಡೀ ಫೈಲ್ ಇಳಿಯುವ ಮೊದಲೇ ಚಿತ್ರ ಶುರುವಾಗುತ್ತದೆ.

ಅದರ ಮೇಲೆ ಎವಿ1 ಸೇರಿಸಿ. ವೀಡಿಯೊ ಎಲಿಮೆಂಟಿನಲ್ಲಿ ಹಲವು ಮೂಲಗಳನ್ನು ಕೊಟ್ಟರೆ ಬ್ರೌಸರ್ ತನಗೆ ಒಗ್ಗುವ ಮೊದಲನೆಯದನ್ನು ಹಿಡಿಯುತ್ತದೆ, ಅದು ಸರಾಗವಾಗಿ ಓಡುತ್ತದೆಯೇ ಎಂದು ನೋಡುವುದಿಲ್ಲ. ಹಳೆಯ ಕಂಪ್ಯೂಟರ್‌ನ ಕ್ರೋಮ್ ಕೂಡ ಎವಿ1 ಹಿಡಿದು ಏದುಸಿರು ಬಿಡುವುದು ಇದರಿಂದಲೇ. ಡಿಕೋಡಿಂಗ್ ಇನ್ಫೋ 'ಸರಾಗ' ಎಂದರೆ ಮಾತ್ರ ಎವಿ1 ಕೊಡಿ, ಇಲ್ಲವಾದರೆ ಎಚ್.264. ಎಚ್‌ಇವಿಸಿಯನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಮೂರನೆಯ ಸರಣಿ ಫೈಲ್‌ಗಳನ್ನು ಕಾಪಾಡುವ ಶ್ರಮಕ್ಕೆ ತಕ್ಕ ಲಾಭ ಸಣ್ಣ ತಾಣಕ್ಕೆ ಇಲ್ಲ.

ಸರಿಪಡಿಸಿದ ಫೈಲನ್ನು ಹಳೆಯ ಹೆಸರಿನಲ್ಲಿಯೇ ಏರಿಸಬೇಡಿ. ನೋಡುಗರ ಬ್ರೌಸರ್ ಮತ್ತು ನಡುವಿನ ಕ್ಯಾಶ್ ಸರ್ವರ್‌ಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ, ಹಳೆಯ ಮತ್ತು ಹೊಸ ಫೈಲ್‌ಗಳ ತುಂಡುಗಳು ಬೆರೆತು 3ನೇ ಸಂಖ್ಯೆಯ ಹೊಸ ದೋಷವೇ ಹುಟ್ಟಬಹುದು. ಹೆಸರು ಬದಲಿಸಿ, ಪ್ಲೇಲಿಸ್ಟ್ ತಿದ್ದಿ, ದೂರು ಹೇಳಿದ ರೈಟರಿಗೆ ಫೋನ್ ಮಾಡಿ ಅದೇ ಕಂಪ್ಯೂಟರಿನಲ್ಲಿ, ಅದೇ ಬ್ರೌಸರಿನಲ್ಲಿ ಗೆರೆ ಕಾಣುವ ಆ ಭಾಗವನ್ನು ಹಾಕಿಸಿ ಕೇಳಿ. ಕಂಡಿತು ಎಂದು ಅವರ ಬಾಯಿಂದ ಬಂದ ಮೇಲೆಯೇ ದೂರಿನ ಪುಸ್ತಕದಲ್ಲಿ ಗೀಟು ಹಾಕಿ.